ಹೇಳದೆ ಉಳಿದ ವಂದನಾರ್ಪಣೆ

ರಾಜ್ಯೋತ್ಸವದ ಹೊತ್ತಿಗೆ ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಂದು ಸಮಾರಂಭ ಏರ್ಪಾಡಾಗಿತ್ತು. ನನ್ನ ಪಾಲಿಗೆ ಬಂದದ್ದು ವಂದನಾರ್ಪಣೆ. ವಂದನಾರ್ಪಣೆಯ ಕಷ್ಟ ಅದನ್ನು ಮಾಡಿದವರಿಗೇ ಗೊತ್ತು. ಪ್ರಾರ್ಥನೆ ಹಾಡಿದವಳು ಹಾಡು ಮುಗಿಸಿ ಹಿಂದಿನ ಸಾಲಿಗೆ ಹೋಗಿ ಹರಟೆಗೆ ಕೂರಬಹುದು. ಸ್ವಾಗತ ಕೋರಿದವಳು ಹೂಗುಚ್ಛ ಕೊಟ್ಟು ಕೈ ಒರೆಸಿಕೊಳ್ಳಬಹುದು. ವಂದನಾರ್ಪಣೆಯವಳು ಮಾತ್ರ ಭಾಷಣವನ್ನು ಕೊನೆಯ ಅಕ್ಷರದವರೆಗೂ ಕೇಳಬೇಕು. ಕೇಳಿದ್ದು ಸಾಲದೆಂದು ಅದು ಬಹಳ ಚೆನ್ನಾಗಿತ್ತು ಎಂದೂ ಹೇಳಬೇಕು. ಅದನ್ನು ಹೇಳುವ ಹೊತ್ತಿಗೆ ಸಭೆಯೆಲ್ಲ ಎದ್ದು ಉಪಾಹಾರದ ಕಡೆಗೆ ಮುಖ ಮಾಡಿರುತ್ತದೆ.

ಅಂದಿನ ಮುಖ್ಯ ಅತಿಥಿಗಳು ಊರಿನ ಹಿರಿಯರು, ಒಳ್ಳೆಯ ಮಾತುಗಾರರು. ವಿಷಯ 'ಇತಿಹಾಸದಿಂದ ನಾವು ಕಲಿಯಬೇಕಾದ ಪಾಠಗಳು'. ಮುಕ್ಕಾಲು ಗಂಟೆ ಮಾತಾಡಿದರು. ಎಲ್ಲವನ್ನೂ ಸೋಸಿದರೆ ಉಳಿದದ್ದು ಮೂರು ಪಾಠ. ಒಂದು, ಸಾವಿರ ವರ್ಷಗಳಿಂದ ನಮ್ಮ ತಾಯಂದಿರು ಕೈಯಾರೆ ರುಬ್ಬಿ ಇಡ್ಲಿ ಬೇಯಿಸುತ್ತ ಬಂದರು, ಈಗಿನವರು ಪ್ಯಾಕೆಟ್ಟಿನ ಹಿಟ್ಟು ತರುತ್ತಾರೆ, ಸಂಸ್ಕೃತಿ ಸಡಿಲವಾಗಿದ್ದು ಅಲ್ಲಿಂದ. ಎರಡು, ಹಿಂದಿನ ಹೆಣ್ಣುಮಕ್ಕಳ ಉಡಿಗೆ ತೊಡಿಗೆ ಹೇಗಿತ್ತು, ನಡೆ ನುಡಿ ಹೇಗಿತ್ತು, ಈಗ ನೋಡಿ. ಮೂರು, ಹಿಂದಿನವರು ಅರಿಸಿನ ಕುಂಕುಮಕ್ಕೆ ತೃಪ್ತರಾಗಿದ್ದರೇ ಹೊರತು ತವರಿನ ಆಸ್ತಿಗೆ ಕೈಯೊಡ್ಡಿದವರಲ್ಲ.

ಮೂರನೆಯ ಪಾಠಕ್ಕೆ ಜೋರಾಗಿ ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ನನ್ನ ಕೈಯೂ ಇತ್ತು. ವೇದಿಕೆಯ ಮೇಲೆ ಕೂತವಳು ಕೈ ಕಟ್ಟಿಕೊಂಡಿರಲು ಆಗುತ್ತದೆಯೇ? ಆಮೇಲೆ ಎದ್ದು ನಿಂತು, "ತಮ್ಮ ಅಮೂಲ್ಯ ವಿಚಾರಗಳಿಂದ ನಮ್ಮ ಕಣ್ಣು ತೆರೆಸಿದ ಹಿರಿಯರಿಗೆ" ಎಂದು ಚೀಟಿಯಲ್ಲಿ ಬರೆದದ್ದನ್ನು ಓದಿ ಕೂತೆ. ಕಣ್ಣು ತೆರೆದದ್ದೇನೋ ನಿಜ. ಮನೆಗೆ ಬಂದ ಮೇಲೂ ಮುಚ್ಚಲಿಲ್ಲ.

ಇತಿಹಾಸ ನಮಗೆ, ಎಂದರೆ ಹೆಣ್ಣುಮಕ್ಕಳಿಗೆ, ಬರುವ ರೀತಿಯೇ ಬೇರೆ. ಗಂಡುಮಕ್ಕಳಿಗೆ ಅದು ಅಜ್ಜನಂತೆ ಬರುತ್ತದೆ, ತೊಡೆಯ ಮೇಲೆ ಕೂರಿಸಿಕೊಂಡು ಯುದ್ಧದ ಕತೆ ಹೇಳುತ್ತದೆ. ನಮಗೆ ಅತ್ತೆಯಂತೆ ಬರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಮ್ಮ ಕಾಲದಲ್ಲಿ ಹೀಗಿರಲಿಲ್ಲಮ್ಮ" ಎನ್ನುತ್ತದೆ. ಅತ್ತೆಯ ಮಾತಾದರೆ ಚಿಕ್ಕಮಾವನನ್ನೋ ನಾದಿನಿಯನ್ನೋ ಗುಟ್ಟಾಗಿ ಕೇಳಿ, ಅವರ ಕಾಲದಲ್ಲಿ ನಿಜವಾಗಿ ಹೇಗಿತ್ತೆಂದು ತಿಳಿದುಕೊಳ್ಳಬಹುದು. ಇತಿಹಾಸದ ಮಾತಿಗೆ ಯಾರನ್ನು ಕೇಳುವುದು? ಹಳೆಯ ಪುಸ್ತಕಗಳನ್ನೇ ಕೇಳಬೇಕು. ಆ ಹಿರಿಯರ ಮೂರು ಪಾಠಗಳನ್ನು ಇಟ್ಟುಕೊಂಡು ನಾನು ಹಾಗೆಯೇ ಒಂದಿಷ್ಟು ದಿನ ಓದಿದೆ. ಓದುತ್ತ ಎಷ್ಟು ನಕ್ಕೆನೆಂದರೆ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳುವುದು ನ್ಯಾಯವಲ್ಲ ಎನ್ನಿಸಿತು.

ಮೊದಲು ಇಡ್ಲಿ. ಅತಿಥಿಗಳು ಹೇಳಿದ ಸಾವಿರ ವರ್ಷದ ಲೆಕ್ಕ ಸರಿಯಾಗಿಯೇ ಇದೆ. ಸುಮಾರು 920ರ 'ವಡ್ಡಾರಾಧನೆ'ಯಲ್ಲಿ, ಮನೆಗೆ ಬಂದವರಿಗೆ ಬಡಿಸುವ ಭಕ್ಷ್ಯಗಳ ಸಾಲಿನಲ್ಲಿ 'ಇಡ್ಡಲಿಗೆ' ಎಂಬ ಹೆಸರು ಬರುತ್ತದೆ. ಹೆಸರು ಇದ್ದಮೇಲೆ ಮಾಡುವ ಕ್ರಮವೂ ಬೇಕಲ್ಲ? ಅದು ಸಿಗುವುದು ನೂರು ವರ್ಷ ಕಳೆದ ಮೇಲೆ, ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿದ್ದ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ಇವನು ನಿಲ್ಲಿಸಿದ್ದು ಒಂದು ಗೃಹಸ್ಥರ ಕೈಪಿಡಿಯನ್ನು. ನಾನು ಓದಿದ ಹಳಗನ್ನಡದ ಪುಸ್ತಕಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ದಿನ ನೋಡುವುದು, ಮನೆ ಕಟ್ಟುವುದು, ನೆಲದ ಕೆಳಗೆ ನೀರು ಎಲ್ಲಿದೆ ಎಂದು ಹುಡುಕುವುದು, ಗಿಡಮರ ಬೆಳೆಸುವುದು, ಸುಗಂಧ ಕೂಡಿಸುವುದು, ಅಡುಗೆ, ಮನುಷ್ಯರಿಗೆ ಮದ್ದು, ದನಕರುಗಳಿಗೆ ಮದ್ದು, ಶಕುನ. ಒಂದು ಸಂಸಾರಕ್ಕೆ ಬೇಕಾದದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಿದ್ದಾನೆ. ನಮ್ಮ ವಾರಪತ್ರಿಕೆಗಳ ಯುಗಾದಿ ವಿಶೇಷಾಂಕ ನೆನಪಾಗುತ್ತದೆ, ಜಾಹೀರಾತು ಮಾತ್ರ ಇಲ್ಲ.

ಅವನು ಹೇಳುವ ಇಡ್ಲಿಯ ಕ್ರಮ ಹೀಗೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರಿನಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕಬೇಕು. ಓದಿ ಮುಗಿಸಿದವಳು ಮತ್ತೆ ಮೊದಲಿಂದ ಓದಿದೆ. ಅಕ್ಕಿ ಎಲ್ಲಿ? ಅಕ್ಕಿ ಇಲ್ಲ! ರಾತ್ರಿಯಿಡೀ ಹುದುಗು ಬರಿಸುವ ಮಾತೂ ಇಲ್ಲ. ಇನ್ನೂ ನೂರು ವರ್ಷ ಮುಂದೆ ಬಂದು, 1129ರಲ್ಲಿ ಮುಗಿದ 'ಮಾನಸೋಲ್ಲಾಸ'ವನ್ನು ತೆರೆದರೆ, ಅಲ್ಲಿ 'ಇಡ್ಡರಿಕಾ' ಎಂಬುದೊಂದಿದೆ. ಅದು ಉದ್ದಿನ ಹಿಟ್ಟನ್ನು ಉಂಡೆ ಮಾಡಿ ತುಪ್ಪದಲ್ಲಿ ಕರಿದು, ಮೆಣಸು ಜೀರಿಗೆ ಇಂಗು ಬೆರೆಸಿದ ತಿಂಡಿ. ಇದನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ ನಮ್ಮ ಅತಿಥಿಗಳು ಖಂಡಿತ, "ವಡೆ ಚೆನ್ನಾಗಿದೆ, ಇಡ್ಲಿ ಯಾವಾಗ ಬರುತ್ತದೆ?" ಎಂದು ಕೇಳುತ್ತಿದ್ದರು.

ಹಾಗಾದರೆ ಸಾವಿರ ವರ್ಷದಿಂದ ನಡೆದುಬಂದದ್ದು ಯಾವುದು? ಹೆಸರು ಮಾತ್ರ. ಆ ಹೆಸರಿನ ಒಳಗೆ ಅಕ್ಕಿ ಸೇರಿಸಿದವಳು ಯಾರೋ, ರಾತ್ರಿ ಕಲಸಿಟ್ಟು ಬೆಳಿಗ್ಗೆ ಉಬ್ಬಿದ್ದನ್ನು ಕಂಡು ಎಸೆಯದೆ ಬೇಯಿಸಿ ನೋಡಿದವಳು ಯಾರೋ. ಅವಳ ಅತ್ತೆ ಅಂದು ಏನೆಂದಿರಬಹುದು? "ನಮ್ಮ ಕಾಲದಲ್ಲಿ ಉದ್ದಿನಲ್ಲಿ ಅಕ್ಕಿ ಬೆರೆಸುತ್ತಿರಲಿಲ್ಲಮ್ಮ" ಎಂದೇ ಅಂದಿರಬೇಕು. ಪ್ಯಾಕೆಟ್ ಹಿಟ್ಟು ಕೊಂಡವಳನ್ನು ಬೈಯುವ ಮೊದಲು, ಅಕ್ಕಿ ಬೆರೆಸಿದವಳನ್ನು ಏನು ಮಾಡೋಣ ಎಂದು ತೀರ್ಮಾನಿಸಬೇಕು.

'ಮಾನಸೋಲ್ಲಾಸ' ಬರೆದವನು ಸಾಮಾನ್ಯನಲ್ಲ, ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಸಂಸ್ಕೃತದಲ್ಲಿ, ಇಪ್ಪತ್ತಿಪ್ಪತ್ತರಂತೆ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯಭಾರ, ಆನೆ, ವೈದ್ಯ, ಸಂಗೀತ, ಕುಣಿತ, ಮೀನು ಹಿಡಿಯುವುದು, ಕೋಳಿ ಕಾಳಗ ಎಲ್ಲ ಇವೆ. ಹಳೆಯ ಕಾಲವೆಂದರೆ ಸಾತ್ವಿಕ ಊಟ ಎಂದು ನಂಬಿದವರು ಇದರ ಅನ್ನಭೋಗದ ಅಧ್ಯಾಯವನ್ನು ಹೊಟ್ಟೆ ತುಂಬಿದ್ದಾಗ ಓದಬಾರದು. ಹೊಲದಲ್ಲಿ, ಹೊಳೆದಂಡೆಯಲ್ಲಿ ಬೆಳೆದ ಬಲಿತ ಕಪ್ಪು ಇಲಿಗಳನ್ನು ಕಾದ ಎಣ್ಣೆಗೆ ಹಿಡಿದು ಕೂದಲು ತೆಗೆದು ಬೇಯಿಸುವ ಕ್ರಮ ಅಲ್ಲಿದೆ. ಆಮೆಯ ಅಡುಗೆಯೂ ಇದೆ. ಇದನ್ನು ಹೇಳಿ ಯಾರನ್ನೂ ಹೀಯಾಳಿಸುವ ಉದ್ದೇಶ ನನಗಿಲ್ಲ. ಅರಸ ತಿಂದದ್ದನ್ನು ಮುಚ್ಚಿಡದೆ ಬರೆದ, ಅದು ಅವನ ದೊಡ್ಡತನ. ಮುಚ್ಚಿಟ್ಟವರು ನಾವು. ಒಂದೇ ಪುಸ್ತಕದಿಂದ ತಿಂಡಿಯನ್ನು ಹೆಕ್ಕಿ ಭಾಷಣಕ್ಕೆ ತೆಗೆದುಕೊಂಡು ಇಲಿಯನ್ನು ಅಲ್ಲಿಯೇ ಬಿಟ್ಟು ಬರುವುದಕ್ಕೆ ನಮ್ಮಲ್ಲಿ 'ಪರಂಪರೆ' ಎಂದು ಹೆಸರು.

ಪುಸ್ತಕವಾಗಿ 'ಮಾನಸೋಲ್ಲಾಸ'ದ ಬಗ್ಗೆ ನನ್ನದೊಂದು ತಕರಾರಿದೆ. ಅದರ ಕಣ್ಣು ಯಾವಾಗಲೂ ತಟ್ಟೆಯ ಮೇಲಿದೆ. ರುಚಿ, ಬಣ್ಣ, ಪರಿಮಳ, ಬಡಿಸುವ ಅಂದ, ಎಲ್ಲವನ್ನೂ ಅರಸ ಸವಿದು ಬರೆಯುತ್ತಾನೆ. ಹೊಗೆ ಕುಡಿದವರ ಕಣ್ಣಿನಿಂದ ಅಡುಗೆ ಹೇಗೆ ಕಾಣುತ್ತದೆ ಎಂಬುದು ಅವನಿಗೆ ಹೊಳೆದಂತಿಲ್ಲ. ಚಾವುಂಡರಾಯನೂ ಗಂಡಸು, ಸೋಮೇಶ್ವರನೂ ಗಂಡಸು, 16ನೆಯ ಶತಮಾನದ ಆರಂಭದಲ್ಲಿ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ ಮೂರನೆಯ ಮಂಗರಸನೂ ಗಂಡಸು. ಪಾಪ, ನಮ್ಮವರ ಕೈಯಲ್ಲಿ ಹಿಟ್ಟಿತ್ತು. ಓಲೆಗರಿ ಹಿಡಿದರೆ ಅಂಟುತ್ತಿತ್ತು.

ಮಂಗರಸನ ಹೆಸರು ಬಂದಿತಲ್ಲ, ಅವನ ಅಡುಗೆಮನೆಗೂ ಇಣುಕೋಣ. ಬದನೆಕಾಯಿಯ ಅಡುಗೆಗಳಿಗೇ ಒಂದು ಅಧ್ಯಾಯ ಮೀಸಲಿಟ್ಟ ರಸಿಕ ಅವನು. ಬಾಳೆ, ಹಲಸು, ಬಿದಿರ ಕಳಲೆ, ನೆಲ್ಲಿ ಎಲ್ಲಕ್ಕೂ ಅಲ್ಲಿ ಮರ್ಯಾದೆಯಿದೆ. ಇಲ್ಲದಿರುವುದು ಯಾವುದು ಗೊತ್ತೇ? ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ. ಇರಲು ಸಾಧ್ಯವೂ ಇರಲಿಲ್ಲ. ಇವು ಮೂರೂ ಅಮೆರಿಕ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ ಮೇಲೆ ಯುರೋಪಿಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಂಥ ಕಡಲ ವ್ಯಾಪಾರಿಗಳ ಕೈಯಿಂದ ನಮ್ಮತ್ತ ಬಂದವು. ಖಾರಕ್ಕೆ ನಮ್ಮಲ್ಲಿ ಇದ್ದದ್ದು ಮೆಣಸು, ಶುಂಠಿ, ಹಿಪ್ಪಲಿ. ಹೊಸದಾಗಿ ಬಂದ ಕಾಯಿಗೆ ಹೆಸರು ಹುಡುಕುವ ಪುರುಸೊತ್ತಿಲ್ಲದೆ, ಮೆಣಸಿನಂತೆ ಖಾರವಿರುವ ಕಾಯಿ, ಮೆಣಸಿನಕಾಯಿ ಎಂದರು. ಮನೆಗೆ ಬಂದ ಹೊಸ ಸೊಸೆಗೆ ತೀರಿಕೊಂಡ ಅಜ್ಜಿಯ ಹೆಸರಿಟ್ಟು ಕರೆದ ಹಾಗೆ. ಈಗ ನೋಡಿದರೆ ಬ್ಯಾಡಗಿಯ ಹೆಸರಿಲ್ಲದೆ ನಮ್ಮ ಸಾರಿಗೆ ಬಣ್ಣವೇ ಇಲ್ಲ.

ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಎಲೆಕೋಸು ಸೇರಿಸುವುದಿಲ್ಲ. ಮೆಣಸು, ಬಾಳೆಕಾಯಿ, ಹಾಗಲಕಾಯಿಯಲ್ಲೇ ಎಲ್ಲ ನಡೆಯುತ್ತದೆ. ಚಿಕ್ಕವಳಿದ್ದಾಗ ಇದೇನು ಶಿಕ್ಷೆಯೋ ಎಂದುಕೊಳ್ಳುತ್ತಿದ್ದೆ. ಈಗ ಅರ್ಥವಾಗುತ್ತದೆ, ಅದು ಪೋರ್ಚುಗೀಸರು ಬರುವ ಮೊದಲಿನ ಅಡುಗೆ. ನಿಜವಾದ ಹಳೆಯ ಸಂಪ್ರದಾಯದ ಊಟ ಬೇಕೆನ್ನುವವರು ವರ್ಷಕ್ಕೊಮ್ಮೆ ಪಿತೃಗಳ ಜೊತೆ ಕೂರಬೇಕು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ನಾವೆಲ್ಲ ಕೊಲಂಬಸನ ಪಂಕ್ತಿಯವರೇ.

ಅಂದಿನ ಭಾಷಣದಲ್ಲಿ ಅತಿಥಿಗಳು, ಸಂಸ್ಕೃತಿಯನ್ನು ಅಲಮಾರಿನಲ್ಲಿಟ್ಟು ಚಾವಿ ಹಾಕಿ ಕಾಪಾಡಿಕೊಳ್ಳಬೇಕು ಎಂದು ಒಂದು ಉಪಮೆ ಕೊಟ್ಟಿದ್ದರು. ಚೆನ್ನಾಗಿಯೇ ಇತ್ತು. ಆದರೆ 'ಅಲಮಾರು' ಪೋರ್ಚುಗೀಸ್ ಮಾತು, 'ಚಾವಿ'ಯೂ ಪೋರ್ಚುಗೀಸ್ ಮಾತು. ಕಾಪಾಡುವ ಸಾಮಾನೆಲ್ಲ ಪರದೇಶದ್ದು, ಒಳಗಿಟ್ಟ ಸಂಸ್ಕೃತಿ ಮಾತ್ರ ಅಪ್ಪಟ ಸ್ವದೇಶಿ!

ಇನ್ನು ಎರಡನೆಯ ಪಾಠ, ಉಡಿಗೆ ತೊಡಿಗೆ. ಇದಕ್ಕೆ ಪುಸ್ತಕವೂ ಬೇಡ, ಶಾಲೆಯ ಮಕ್ಕಳು ಪ್ರವಾಸಕ್ಕೆ ಹೋಗುವ ಬೇಲೂರು ಸಾಕು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನಾವೆಲ್ಲ ಕತ್ತೆತ್ತಿ ನೋಡಿ ಬಂದವರೇ. ಕನ್ನಡಿ ಹಿಡಿದ ದರ್ಪಣಸುಂದರಿಯ ಚಿತ್ರ ಕ್ಯಾಲೆಂಡರಿನಲ್ಲಿ, ಬ್ಯಾಂಕಿನ ಗೋಡೆಯಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಎಲ್ಲ ಕಡೆ ಇದೆ. ಆಕೆ ಕಲ್ಲಿನಿಂದ ಇಳಿದು, ಅದೇ ವೇಷದಲ್ಲಿ ಹೆಣ್ಣುಮಕ್ಕಳ ಯಾವುದಾದರೂ ಕಾಲೇಜಿನ ಗೇಟಿಗೆ ಬಂದರೆ ಕಾವಲುಗಾರ ಒಳಗೆ ಬಿಡುತ್ತಾನೆಯೇ? ಅಲ್ಲೇ ಇನ್ನೊಬ್ಬ ಮದನಿಕೆಯ ಸೀರೆಯನ್ನು ಕೋತಿ ಎಳೆಯುತ್ತಿದೆ. ಒಂಬೈನೂರು ವರ್ಷದಿಂದ ಎಳೆಯುತ್ತಲೇ ಇದೆ. ಯಾರೂ ಕೋತಿಗೆ ಉಪದೇಶ ಮಾಡಿದ್ದು ನಾನು ಕೇಳಿಲ್ಲ. ಅಂದಿನ ಸಭೆಯಲ್ಲೂ ಉಪದೇಶ ಸಿಕ್ಕಿದ್ದು ಸೀರೆಯವಳಿಗೇ.

ನಗುತ್ತಲೇ ಇಲ್ಲಿ ಒಂದು ಮಾತು ಹೇಳಬೇಕು. ಶಿಲ್ಪವೆಂದರೆ ಫೋಟೋ ಅಲ್ಲ. ಬೇಲೂರಿನ ಹೆಣ್ಣುಮಕ್ಕಳೆಲ್ಲ ಹಾಗೆ ಉಡುತ್ತಿದ್ದರು ಎಂದು ಅದರಿಂದ ಹೇಳಲಾಗದು. ಕಡೆದವರು ಗಂಡಸರು, ಕಡೆಸಿದವನು ಅರಸ, ಅದು ಅವರ ಕಣ್ಣಿನ ಚೆಲುವೆ. ಆದರೆ ಇದೇ ಎಚ್ಚರವನ್ನು ಇನ್ನೊಂದು ಕಡೆಗೂ ಹಿಡಿಯಬೇಕು. ನಾವು 'ಹಿಂದಿನ ಹೆಣ್ಣು' ಎಂದು ತೋರಿಸುವ, ತುಂಬುತೋಳಿನ ರವಿಕೆ ತೊಟ್ಟು ತಲೆ ತಗ್ಗಿಸಿ ನಿಂತವಳೂ ಯಾರದೋ ಕಣ್ಣಿನ ಚಿತ್ರವೇ. ಸೀರೆಯೊಳಗೆ ಲಂಗ ಉಡುವುದು ನಮ್ಮಲ್ಲಿ ಎಲ್ಲರ ರೂಢಿಯಾದದ್ದು ಬ್ರಿಟಿಷರ ಕಾಲದಲ್ಲಿ. ನಮ್ಮ ಅಜ್ಜಿಯ ಅಜ್ಜಿಗೆ ಅದು ಹೊಸ ಫ್ಯಾಷನ್ ಆಗಿದ್ದಿರಬೇಕು.

ನಡೆ ನುಡಿಯ ವಿಷಯಕ್ಕೆ ಬಂದರೆ ಎಲ್ಲರೂ ಸಂಚಿಯ ಹೊನ್ನಮ್ಮನನ್ನು ಕರೆಯುತ್ತಾರೆ. ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗ ಆಕೆಯದು. ಬರೆದದ್ದು 'ಹದಿಬದೆಯ ಧರ್ಮ', ಎಂದರೆ ಪತಿವ್ರತೆಯ ಧರ್ಮ. ನನಗೆ ಮದುವೆಯಲ್ಲಿ ಯಾರೋ ಇದನ್ನು ಉಡುಗೊರೆ ಕೊಟ್ಟಿದ್ದರು. ಕುಕ್ಕರ್ ಕೊಟ್ಟವರ ಹೆಸರು ನೆನಪಿದೆ, ಇದನ್ನು ಕೊಟ್ಟವರದು ನೆನಪಿಲ್ಲ. ಬೇಸರದಿಂದ ಬದಿಗಿಟ್ಟವಳು ಈಗ ತೆಗೆದು ಓದಿದೆ. ಸಾಂಗತ್ಯದ ಹರಿವು, ಕಡೆದ ಬೆಣ್ಣೆಯಂಥ ಕನ್ನಡ. ಪಂಡಿತರ ಕಾವ್ಯದಲ್ಲಿ ಪ್ರತಿ ಸಾಲಿಗೂ ನಿಘಂಟು ನೋಡಬೇಕು. ಇಲ್ಲಿ ಹೊನ್ನಮ್ಮ ಪಕ್ಕದಲ್ಲಿ ಕೂತು ಮಾತಾಡುತ್ತಾಳೆ. ಗಂಡನಿಗಿಂತ ಮೊದಲು ಏಳು, ಅತ್ತೆ ಮಾವನ ಸೇವೆ ಮಾಡು ಎಂಬ ಬೋಧನೆಗಳು ಧಾರಾಳವಾಗಿವೆ. ಅದನ್ನು ಬಚ್ಚಿಡುವುದು ಬೇಡ. ಜೊತೆಗೇ, ಹೆಣ್ಣನ್ನು ಕೀಳಾಗಿ ಕಾಣುವವರನ್ನು, ಅವರು ಹುಟ್ಟಿದ್ದು ಯಾರಿಂದ ಎಂದು ನೆನಪಿಸಿ ತರಾಟೆಗೆ ತೆಗೆದುಕೊಳ್ಳುವ ಪದ್ಯವೂ ಇದೆ. ಶಾಲೆಯ ಪುಸ್ತಕದವರು ಆ ಪದ್ಯವನ್ನು ಹೆಕ್ಕಿಕೊಂಡರು, ಮದುವೆಯ ಉಡುಗೊರೆಯವರು ಉಳಿದದ್ದನ್ನು.

ಎರಡೂ ಗುಂಪಿನವರು ಮರೆತದ್ದು ಒಂದಿದೆ. ಹೊನ್ನಮ್ಮ ಉದ್ಯೋಗಸ್ಥೆ. ಮನೆಯ ಹೊರಗೆ ದುಡಿದು, ತನ್ನ ಕೆಲಸದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡವಳು. 'ಟೀಚರ್ ಶಾರದಮ್ಮ', 'ನರ್ಸ್ ಮೇರಿಯಮ್ಮ' ಎಂದು ಈಗ ಕರೆಯುವುದಿಲ್ಲವೇ, ಹಾಗೆ 'ಸಂಚಿಯ' ಹೊನ್ನಮ್ಮ. ಮನೆಯಲ್ಲಿರುವ ಗೃಹಿಣಿ ಹೇಗಿರಬೇಕೆಂಬ ನಮ್ಮ ಪ್ರಸಿದ್ಧ ಪುಸ್ತಕವನ್ನು ಬರೆದವಳು ಕೆಲಸಕ್ಕೆ ಹೋಗುವ ಹೆಂಗಸು. ಇಷ್ಟು ಸೊಗಸಾದ ವಿನೋದವನ್ನು ಇತಿಹಾಸ ಮಾತ್ರ ಮಾಡಬಲ್ಲದು.

ಮೂರನೆಯ ಪಾಠಕ್ಕೆ ಬರುವ ಮೊದಲು ನನ್ನ ಸ್ವಂತದ ಒಂದು ಸಂಗತಿ ಹೇಳಬೇಕು. ಹೇಳದೆ ಬಿಟ್ಟರೆ ನಾನು ಚಪ್ಪಾಳೆ ತಟ್ಟಿದ್ದರ ಅರ್ಥ ನಿಮಗೆ ತಿಳಿಯುವುದಿಲ್ಲ. ನಮ್ಮ ತಂದೆ ತೀರಿಕೊಂಡದ್ದು 2009ರಲ್ಲಿ. ವರ್ಷಾಂತಕ ಮುಗಿದ ಮೇಲೆ ಅಣ್ಣ ಫೋನು ಮಾಡಿ, "ಒಂದು ಸಹಿ ಬೇಕಿತ್ತು ಪುಟ್ಟಿ, ಒಂದು ದಿನ ಬಂದು ಹೋಗು" ಎಂದ. ಹೋದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಟೈಪಾಗಿ ಸಿದ್ಧವಾಗಿತ್ತು. ಅತ್ತಿಗೆ ಅರಿಸಿನ ಕುಂಕುಮವಿಟ್ಟು, ಸೀರೆ, ರವಿಕೆಯ ಕಣ, ತೆಂಗಿನಕಾಯಿ ಮಡಿಲಿಗೆ ಹಾಕಿದರು. "ತವರು ಅಂತ ಒಂದು ಇರಬೇಕಲ್ಲ" ಎಂದರು. ಇರಬೇಕು ನಿಜ. ಸಹಿ ಹಾಕಿದೆ. ಆಮೇಲೆ ಎದುರಿನ ಹೋಟೆಲಿನಲ್ಲಿ ಅಣ್ಣ ಇಡ್ಲಿ ಕೊಡಿಸಿದ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಅಣ್ಣ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಆದರೆ ಅವನು ಆಡಿದ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. "ಕಾನೂನು ಏನೇ ಇರಲಿ, ನಮ್ಮ ಸಂಪ್ರದಾಯದಲ್ಲಿ ಇದೆಲ್ಲ ಇಲ್ಲವಲ್ಲ" ಎಂದಿದ್ದ.

ಯಾವ ಸಂಪ್ರದಾಯ? ಪುಸ್ತಕಗಳನ್ನು ಹುಡುಕುತ್ತ ಹೋದವಳು ಮತ್ತೆ ಬಂದು ನಿಂತದ್ದು ಅದೇ ಕಲ್ಯಾಣದಲ್ಲಿ, ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣದಲ್ಲಿ. ಅಡುಗೆಯ ಅಧ್ಯಾಯ ಬರೆದ ಸೋಮೇಶ್ವರನ ತಂದೆ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಮಿನ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಹಂಚಿಕೆ ಶತಮಾನಗಳ ಕಾಲ ನಡೆದದ್ದು ಇದರ ಹೆಸರಿನಲ್ಲಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಇದು ಹೇಳುತ್ತದೆ, ಮಗಳಿಗೆ ಹಾಗೆ ಹೇಳುವುದಿಲ್ಲ. ತಂದೆಯ ಕಾಲದಲ್ಲಿ ಆಸ್ತಿಯ ಪುಸ್ತಕ, ಮಗನ ಕಾಲದಲ್ಲಿ ಅಡುಗೆಯ ಪುಸ್ತಕ. ಒಂದೇ ಊರಿನಿಂದ ಹೊರಟ ಎರಡು ಗಂಟುಗಳಲ್ಲಿ ನಮ್ಮ ತಲೆಗೆ ಯಾವುದು ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಅಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಅಣ್ಣನ ಮಾತು ನಿಜವಾಗುತ್ತಿತ್ತು. ಮುಚ್ಚದೆ ಓದಿದೆ. ಮದುವೆಯಾಗದ ಅಕ್ಕತಂಗಿಯರಿಗೆ, ಪಾಲಿನ ಹೊತ್ತಿಗೆ, ಸೋದರನ ಪಾಲಿನ ಕಾಲು ಭಾಗ ಕೊಡಬೇಕೆಂದು ಸ್ಮೃತಿ ಹೇಳುತ್ತದೆ. ಅದು ಬರಿಯ ಮದುವೆಯ ಖರ್ಚಲ್ಲ, ನಿಜವಾದ ಪಾಲೇ ಎಂದು ವಿಜ್ಞಾನೇಶ್ವರ ವಾದ ಮಾಡುತ್ತಾನೆ. ಪಾಲಾಗಿ ಬೇರೆಯಾದ, ಗಂಡುಮಕ್ಕಳಿಲ್ಲದ ಗಂಡನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ ಎನ್ನುತ್ತಾನೆ. ಸ್ತ್ರೀಧನವೆಂದರೆ ಮದುವೆಯಲ್ಲಿ ಬಂದ ಒಡವೆ ಮಾತ್ರವಲ್ಲ, ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳದೇ ಎನ್ನುತ್ತಾನೆ. ಇದರಿಂದ ಅವನನ್ನು ಹೆಣ್ಣುಮಕ್ಕಳ ಪಕ್ಷದ ವಕೀಲನೆಂದು ಮೆರವಣಿಗೆ ಮಾಡಬೇಕಾಗಿಲ್ಲ. ಮಗಳಿಗೆ ಮಗನ ಸಮ ಕೊಟ್ಟವನಲ್ಲ ಅವನು. ನಾನು ಆ ಹೊತ್ತಿಗೆ ಮದುವೆಯಾದವಳು, ಆ ಕಾಲು ಭಾಗವೂ ಅವನ ಲೆಕ್ಕದಲ್ಲಿ ನನಗೆ ಸಲ್ಲುತ್ತಿರಲಿಲ್ಲ. ಆದರೂ ಲೆಕ್ಕ ಹಾಕಿ ನೋಡಿ. ಒಂಬೈನೂರು ವರ್ಷದ ಹಿಂದಿನ ಪಂಡಿತ ಮನೆಯ ಮಗಳಿಗೆ ಕಾಲು ಪಾಲು ಎತ್ತಿಟ್ಟ. ಮೊಬೈಲ್ ಫೋನ್ ಕೈಯಲ್ಲಿದ್ದ ಕಾಲದ 'ಸಂಪ್ರದಾಯ' ಒಂದು ಸೀರೆ, ಎರಡು ಇಡ್ಲಿ ಕೊಟ್ಟಿತು.

ಕಾನೂನಿನ ಕತೆಯನ್ನೂ ಹೇಳಿಬಿಡುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಪಾಲಿನಲ್ಲಿ ಮಗಳಿಗೆ ಭಾಗ ಕೊಟ್ಟಿತು, ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿ, ಮದುವೆಯಾಗಿರಲಿ ಬಿಡಲಿ, ಮಗಳಿಗೆ ಮಗನ ಸಮನಾದ ಹಕ್ಕು ಎಂದಿತು. ಆ ದಿನ ತಂದೆ ಬದುಕಿದ್ದಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಎಂದರೆ ನಾನು ಸಹಿ ಹಾಕಿದ ದಿನ ಹಕ್ಕು ನನ್ನ ಕೈಯಲ್ಲಿತ್ತು. ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಹಿ ಹಾಕುತ್ತಿದ್ದೆನೇನೋ, ತವರಿನ ಆಸೆ ಅಂಥದ್ದು. ಆದರೆ ಗೊತ್ತಿದ್ದು ಬಿಟ್ಟುಕೊಡುವುದಕ್ಕೆ ದಾನ ಎನ್ನುತ್ತಾರೆ. ಗೊತ್ತಿಲ್ಲದವಳ ಕೈಯಿಂದ ಜಾರಿ ಹೋದದ್ದಕ್ಕೆ ಆ ಹೆಸರು ಸಲ್ಲುವುದಿಲ್ಲ.

ದಾನ ಎಂದೊಡನೆ ಅತ್ತಿಮಬ್ಬೆ ನೆನಪಾಗುತ್ತಾಳೆ. ಅತಿಥಿಗಳೂ ಅಂದು ಭಾಷಣದ ಕೊನೆಗೆ ದಾನಚಿಂತಾಮಣಿಯ ಹೆಸರು ಹೇಳಿ ಕೈಮುಗಿದಿದ್ದರು. ನಾನೂ ಮುಗಿಯುತ್ತೇನೆ. ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು, ರನ್ನನಿಂದ 993ರಲ್ಲಿ 'ಅಜಿತಪುರಾಣ' ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಆದರೆ ಆ ಕತೆಯಲ್ಲಿ ಇನ್ನೊಬ್ಬಳಿದ್ದಾಳೆ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. ಅಕ್ಕತಂಗಿಯರಿಬ್ಬರನ್ನೂ ನಾಗದೇವನಿಗೆ ಕೊಟ್ಟಿದ್ದರು. ನಾಗದೇವ ಯುದ್ಧದಲ್ಲಿ ಸತ್ತಾಗ ತಂಗಿ ಚಿತೆಯೇರಿದಳು. ಅಕ್ಕ ಮಗನನ್ನು ಸಾಕಿಕೊಂಡು ಉಳಿದಳು. ಉಳಿದವಳಿಂದ ಸಾವಿರ ಪುಸ್ತಕ ಬಂತು.

ಇಲ್ಲಿ ನನಗೆ ನಗು ಬರಲಿಲ್ಲ. ಊರೂರಿನ ಹೊರಗೆ, ಬಳೆ ತೊಟ್ಟ ಕೈಯೊಂದನ್ನು ಕೆತ್ತಿದ ಮಾಸ್ತಿಕಲ್ಲುಗಳನ್ನು ನೋಡಿದ್ದೇನೆ. ಆ ಕೈಗಳು ಉಳಿದಿದ್ದರೆ ಏನೇನು ಮಾಡುತ್ತಿದ್ದವೋ, ಲೆಕ್ಕವಿಡುವವರು ಯಾರು? ಇತಿಹಾಸವನ್ನು ನಗುತ್ತ ಓದಬೇಕೆಂದು ಇಷ್ಟು ಹೊತ್ತು ಹೇಳಿದವಳು ನಾನೇ. ನಗು ಎಲ್ಲಿ ನಿಲ್ಲಬೇಕೆಂದು ತಿಳಿಯಲಿಕ್ಕೂ ನಾವೇ ಓದಬೇಕು, ಬೇರೆಯವರು ಹೆಕ್ಕಿ ಕೊಟ್ಟದ್ದು ಸಾಲದು. ಹೆಕ್ಕಿ ಕೊಡುವವರು ಅತ್ತಿಮಬ್ಬೆಯನ್ನು ಕೊಡುತ್ತಾರೆ, ಗುಂಡಮಬ್ಬೆಯನ್ನು ಬಿಟ್ಟು ಬರುತ್ತಾರೆ. ಇಡ್ಡರಿಕೆಯನ್ನು ಕೊಟ್ಟು ಇಲಿಯನ್ನು ಬಿಟ್ಟ ಹಾಗೆಯೇ. ಅತ್ತೆಯ ಮಾತಿಗೆ ಹೆದರುವುದು ಅವರ ಕಾಲವನ್ನು ನಾವು ನೋಡಿಲ್ಲ ಎಂಬ ಕಾರಣಕ್ಕೆ. ಇತಿಹಾಸದ ಕಾಲವನ್ನು ಈ ಮಾತು ಹೇಳುವವರೂ ನೋಡಿಲ್ಲವಲ್ಲ! ಪುಸ್ತಕ ತೆರೆದರೆ ಅವರೂ ನಾವೂ ಸಮಾನರು.

ಸಮಾರಂಭದ ದಿನ ಉಪಾಹಾರಕ್ಕೂ ಇಡ್ಲಿಯೇ ಇತ್ತು ಎಂಬುದನ್ನು ಹೇಳಲು ಮರೆತೆ. ಅತಿಥಿಗಳು ಇಷ್ಟಪಟ್ಟು ನಾಲ್ಕು ತಿಂದರು. "ನೋಡಿ, ಇದು ಕೈಯಾರೆ ರುಬ್ಬಿದ ಹಿಟ್ಟು, ನಾಲಿಗೆಗೆ ಗೊತ್ತಾಗುತ್ತದೆ" ಎಂದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಟ್ಟು ನಮ್ಮ ಹಿಂದಿನ ಬೀದಿಯ ಹೆಂಗಸೊಬ್ಬಳ ಗ್ರೈಂಡರಿನದು, ಪ್ಯಾಕೆಟ್ಟಿನಲ್ಲೇ ಬಂದದ್ದು. ದಿನವೂ ನಸುಕಿನಲ್ಲೆದ್ದು ರುಬ್ಬಿ, ಅಂಗಡಿಗಳಿಗೆ ಹಾಕಿ, ಆ ದುಡ್ಡಿನಲ್ಲಿ ಅವಳು ಊರಾಚೆ ಒಂದು ಸಣ್ಣ ಸೈಟು ಕೊಂಡಿದ್ದಾಳೆ. ಪತ್ರ ಅವಳ ಹೆಸರಿನಲ್ಲಿದೆ. ಸಹಿ ಹಾಕುವ ಮೊದಲು, ಮೂರು ಸಲ ಓದಿಸಿ ಕೇಳಿದಳಂತೆ.

ಅಂದು ನನ್ನ ಚೀಟಿಯಲ್ಲಿ ಅವಳ ಹೆಸರಿರಲಿಲ್ಲ. ಮೈಕಿನವರಿಗೆ, ಶಾಮಿಯಾನದವರಿಗೆ, ಅತಿಥಿಗಳಿಗೆ ಎಲ್ಲರಿಗೂ ವಂದನೆ ಹೇಳಿ ಅವಳನ್ನು ಬಿಟ್ಟುಬಿಟ್ಟಿದ್ದೆ. ಅದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ.